ಬಿಡಿ ಸಾಮಾನು: ಇಲ್ಲ

17 ನವೆಂಬರ್ 1986, ಸೋಮವಾರ

ಎಲ್ಲಿ ಹೋದವು ಎಂದು ಎಲ್ಲರೂ ಕೇಳುತ್ತಿದ್ದಾರೆ. ಅದನ್ನೇ ನಾನೂ ಕೇಳುತ್ತಿರುವುದು. ಸಮುದ್ರದ ಗಾಳಿಗೆ ಕರಗಿಹೋಯಿತು ಎನ್ನಲು ಕಾರ್ಬುರೇಟರ್ ಏನು ಬೆಲ್ಲದ ಅಚ್ಚೇ? ಒಂದಲ್ಲ, ಎರಡು, ಎರಡೂ ಫಾರಿನ್ನಿನವು. ಎಂಜಿನ್ನಿಗೆ ನಟ್ಟು ಬಿಗಿದು ಕೂರಿಸಿದ್ದವು. ಜೊತೆಗೆ ಡಿಕ್ಕಿಯಲ್ಲಿದ್ದ ನನ್ನ ಸೋದರಮಾವನ ಸ್ಪಾನರ್ ಪೆಟ್ಟಿಗೆ. ಹಡಗಿನಿಂದ ಕಾರು ಇಳಿಯಿತು, ಇವು ಇಳಿಯಲಿಲ್ಲ.

ಬೆಳಿಗ್ಗೆ ಮಲೇಷ್ಯಾದಿಂದ ಸೋಮಸುಂದರಂ ಅವರ ತಂತಿ ಬಂತು. ರೇಸು ನಿನ್ನೆಯೇ ಮುಗಿದಿದೆ. ಇಪ್ಪತ್ತೆಂಟು ಗಾಡಿಗಳು ಓಡಿದವಂತೆ. ನಮ್ಮದು ಬಾನೆಟ್ ತೆರೆದುಕೊಂಡು ಶೆಡ್ಡಿನಲ್ಲಿ ನಿಂತಿತ್ತಂತೆ. ಎರಡು ವರ್ಷ ದೊರೈಸಾಮಿ ಮಾವ ಉಕ್ಕಡಂ ಶೆಡ್ಡಿನಲ್ಲಿ ಕೂತು, ಹಳೆಯ ಫಿಯೆಟ್ಟಿನ ಒಂದೊಂದು ಭಾಗವನ್ನೂ ಅರೆದು, ಬೆಸೆದು, ಮತ್ತೆ ಬಿಚ್ಚಿ ಕಟ್ಟಿದ ಗಾಡಿ ಅದು. ಶೆಡ್ಡೂ ಗಾಡಿಯೂ ಸೋಮಸುಂದರಂ ಅವರದು, ಓಡಿಸುವವರೂ ಅವರೇ. ಮಿಲ್ಲಿನ ಮಾಲೀಕರ ಮನೆಯವರಾದರೂ ತಿರುವಿನಲ್ಲಿ ಬ್ರೇಕು ಮುಟ್ಟದ ಧೈರ್ಯ ಅವರೊಬ್ಬರಿಗೇ ಇರುವುದು. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಿಂತಿರುವ ಅವರ ದೊಡ್ಡ ಪಟ ನನ್ನ ಮೇಜಿನ ಎದುರಿಗೇ ಇದೆ. ಇವತ್ತು ಅದರತ್ತ ನೋಡಲು ಆಗುತ್ತಿಲ್ಲ. ಅವರಿಗೆ ಎಷ್ಟು ಅವಮಾನವಾಗಿರಬೇಕು.

ತಂತಿಯನ್ನು ಓದಿ ಹೇಳಿದೆ. ಮಾವ ಕೈಯಲ್ಲಿದ್ದ ಅರ ಕೆಳಗಿಟ್ಟು, "ಪೆಟ್ಟಿಗೇನೂ ಇಲ್ವಂತಾ?" ಎಂದು ಒಂದೇ ಸಲ ಕೇಳಿದರು.

ಕಳ್ಳರ ಕೈಗೆ ಕುಷ್ಠ ಹತ್ತಲಿ. ಈ ಮನೆಯಲ್ಲಿ ಕನ್ನಡ ಆಡದವರಿಲ್ಲ, ಓದಬಲ್ಲವಳು ಮಾತ್ರ ನಾನೊಬ್ಬಳೇ. ಕೊಳ್ಳೇಗಾಲದ ದೊಡ್ಡಮ್ಮನ ಮನೆಯಲ್ಲಿದ್ದ ಮೂರು ವರ್ಷದಲ್ಲಿ ಕಲಿತದ್ದು. ಹಾಗಾಗಿ ಈ ಡೈರಿಯಲ್ಲಿ ಎಷ್ಟು ಬೈದರೂ ಯಾರಿಗೂ ತಿಳಿಯುವುದಿಲ್ಲ.

19 ನವೆಂಬರ್, ಬುಧವಾರ

ಕಾರನ್ನು ಹಡಗಿಗೆ ಹತ್ತಿಸಿದ ನೀಲಕ್ಕಡಲ್ ಏಜೆನ್ಸಿಗೆ ಮೂರು ಪುಟ ದೂರು ಟೈಪ್ ಮಾಡಿದೆ. ಶೆಡ್ಡಿನ ಕಾಗದಪತ್ರವೆಲ್ಲ ಮನೆಯಲ್ಲೇ ಟೈಪ್ ಮಾಡಿಕೊಡುವವಳು ನಾನು. ಮೋಟಾರು ಪತ್ರಿಕೆಯ ಓದುಗರ ಅಂಕಣದಲ್ಲಿ ಎರಡು ವರ್ಷದಿಂದ ತಿರುಪ್ಪೂರಿನ ಒಬ್ಬನೊಂದಿಗೆ ಟೈರಿನ ವಿಷಯಕ್ಕೆ ಜಗಳ ಆಡುತ್ತಿರುವವಳು ನಾನು. ಪತ್ರದಲ್ಲಿ ಮನುಷ್ಯನನ್ನು ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ನನಗೆ ಗೊತ್ತು. ಕಾರನ್ನು ಇಲ್ಲಿಂದ ಮದ್ರಾಸಿನ ಗೋಡೌನಿಗೆ ಒಯ್ದ ಲಾರಿಯವನು ವೆಲ್ಲಿಂಗಿರಿ. ಅವನ ಹೆಸರನ್ನೇ ಬರೆದು ಕೆಳಗೆ ಗೆರೆ ಎಳೆದೆ. ಒಂದು ರಾತ್ರಿಯೆಲ್ಲ ಗಾಡಿ ಅವನ ಕೈಯಲ್ಲೇ ಇತ್ತು. ಇನ್ನೇನು ಬೇಕು.

ಅಜ್ಜಿ ಬಾಗಿಲಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು.

"ಏನಮ್ಮಣಿ, ಮಿಷಿನ್ನು ಒಡೆದೋಗೋ ಹಂಗೆ ಕುಟ್ತಾ ಇದ್ದೀಯ. ಯಾರ್ ತಲೆ ಅದು?"

"ಲಾರಿಯವನದು ಅಜ್ಜಿ. ಅವನೇ ಕದ್ದಿರೋದು."

"ನೀ ಕಂಡ್ಯಾ?"

"ಅವನಲ್ದೆ ಇನ್ಯಾರು?"

"ಹಂಗಾದ್ರೆ ಮೊನ್ನೆ ನಮ್ಮನೇಲಿ ಲೋಟ ಕಾಣೆ ಆಯ್ತಲ್ಲ, ಅದನ್ನೂ ಅವನ ಮೇಲೇ ಬರಿ. ಒಂದೇ ಸ್ಟಾಂಪಲ್ಲಿ ಮುಗೀತದೆ."

ಕನ್ನಿಯಮ್ಮಾಳ್ ಎಂಬ ಈ ಮುದುಕಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ, ನನ್ನೊಬ್ಬಳನ್ನು ಬಿಟ್ಟು. ಪತ್ರವನ್ನು ರಿಜಿಸ್ಟರ್ ಮಾಡಿಸಿ ಬಂದೆ.

27 ನವೆಂಬರ್, ಗುರುವಾರ

ಉತ್ತರ ಬಂತು. ನನ್ನ ಮೂರು ಪುಟಕ್ಕೆ ನಾಲ್ಕು ಸಾಲು. ಇಲ್ಲಿನ ಶಾಖೆಯ ಸುಬ್ಬಯ್ಯನ್ ಎಂಬವರ ಸಹಿ. ಸಾಗಣೆ ಪಟ್ಟಿಯಲ್ಲಿ 'ಗಾಡಿಯೊಳಗಿನ ಬಿಡಿ ಸಾಮಾನು' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಇದೆ, ಆದ್ದರಿಂದ ಸ್ಪಾನರ್ ಪೆಟ್ಟಿಗೆ ಗಾಡಿಯಲ್ಲಿ ಇರಲೇ ಇಲ್ಲ. ಕಾರ್ಬುರೇಟರುಗಳು ಗೋಡೌನಿಗೆ ಬಂದಾಗ ಇದ್ದವು ಎನ್ನಲು ಆಧಾರವಿಲ್ಲ. ತಮ್ಮ ವಿಶ್ವಾಸಿ.

ಇದು ಕಳ್ಳತನದ ಮೇಲೆ ಕಳ್ಳತನ. ಪಟ್ಟಿಯಲ್ಲಿ ಒಂದು ಪದ ಬಿದ್ದಿದ್ದರೆ ಪೆಟ್ಟಿಗೆ ಮಾಯವಾಗುತ್ತದೆಯೇ? ಪಟ್ಟಿ ಯಾವ ಹೊತ್ತಿನಲ್ಲಿ ಟೈಪ್ ಆಯಿತು, ಎಷ್ಟು ಗಡಿಬಿಡಿಯಲ್ಲಿ ಆಯಿತು ಎಂದು ಇವರಿಗೇನು ಗೊತ್ತು? ಕಾಗದದಲ್ಲಿ ಇರುವುದನ್ನಷ್ಟೇ ನಂಬುವ ಜನ. ಇವರ ಮನೆಯ ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋದರೆ ಹೆಂಡತಿಯನ್ನೂ ಹೊರಗೆ ಕಳಿಸಿಬಿಡುವರೇನೋ.

1 ಡಿಸೆಂಬರ್, ಸೋಮವಾರ

ಸೋಮಸುಂದರಂ ವಾಪಸು ಬಂದರು. ಶೆಡ್ಡಿಗೆ ಬಂದವರೇ ಕೂರಲಿಲ್ಲ. ನಾನು ಟೀ ತಂದಿಟ್ಟೆ, ಮುಟ್ಟಲಿಲ್ಲ. ನಡೆದ ಮಾತೆಲ್ಲ ತಮಿಳಿನಲ್ಲಿ. ನೆನಪಿದ್ದಷ್ಟನ್ನು ಬರೆಯುತ್ತೇನೆ.

"ದೊರೈ, ಆ ಕಾರ್ಬುರೇಟರ್ ಬಿಚ್ಚಬೇಕಾದ್ರೆ ಯಾವ ಸ್ಪಾನರ್ ಬೇಕು?"

"ನಾನು ಬಗ್ಗಿಸಿ ಅರೆದು ಮಾಡಿಟ್ಟಿರೋದೇ ಬೇಕು ಸಾರ್. ಬೇರೆದು ಹಿಂದಿನ ನಟ್ಟಿಗೆ ಹೋಗಲ್ಲ."

"ಬೇರೆಯವರು ಬಿಚ್ಚಿದ್ರೆ?"

"ಬೋಲ್ಟು ಮುರೀತದೆ."

"ಒಂದೂ ಮುರಿದಿಲ್ಲ. ನಾನೇ ನೋಡಿದೆ. ನೀಟಾಗಿ ಬಿಚ್ಚಿದ್ದಾರೆ. ಆ ಸ್ಪಾನರ್ ಎಲ್ಲಿ?"

"ಪೆಟ್ಟಿಗೇಲಿತ್ತು. ಪೆಟ್ಟಿಗೆ ಡಿಕ್ಕಿಯಲ್ಲಿತ್ತು."

"ಪಟ್ಟಿಯಲ್ಲಿ ಬಿಡಿ ಸಾಮಾನು ಇಲ್ಲ ಅಂತಿದೆಯಲ್ಲ ದೊರೈ."

ನಾನು ಟೀ ಲೋಟದ ಪಕ್ಕದಲ್ಲೇ ನಿಂತಿದ್ದೆ. ಮಾವ ನನ್ನತ್ತ ತಿರುಗಿ ಕೂಡ ನೋಡಲಿಲ್ಲ. "ಹೌದು ಸಾರ್, ಪಟ್ಟಿಯಲ್ಲಿ ಇಲ್ಲ," ಎಂದರು.

ಶೆಡ್ಡಿನ ಹುಡುಗರು ನೋಡುತ್ತಿದ್ದಂತೆಯೇ ಸೋಮಸುಂದರಂ ಕೈ ಚಾಚಿದರು. ಮಾವ ಶೆಡ್ಡಿನ ಬೀಗದ ಕೈ ಕೊಟ್ಟರು.

ಕಾರ್ಬುರೇಟರನ್ನು ಮಾವನೇ ಇಲ್ಲಿ ಬಿಚ್ಚಿಟ್ಟುಕೊಂಡು ಖಾಲಿ ಗಾಡಿ ಕಳಿಸಿದರು ಎಂದು ಅದರ ಅರ್ಥ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಮಾವ ಆತನಿಗಿಂತ ಇಪ್ಪತ್ತು ವರ್ಷ ದೊಡ್ಡವರು. 'ದೊರೈ, ದೊರೈ' ಎಂದು ಅವರನ್ನು ಹಾಗೆ ಕರೆಯುವುದು ಇಷ್ಟು ದಿನ ನನ್ನ ಕಿವಿಗೇ ಬಿದ್ದಿರಲಿಲ್ಲ.

3 ಡಿಸೆಂಬರ್

ಮಾವ ಊಟ ಮಾಡಿದರು. ಬೆಳಿಗ್ಗೆಯಿಂದ ಆಡಿದ್ದು ಎರಡು ಮಾತು: ಉಪ್ಪು, ಸಾಕು.

9 ಡಿಸೆಂಬರ್, ಮಂಗಳವಾರ

ನೀಲಕ್ಕಡಲ್ ಆಫೀಸಿಗೆ ನಾನೇ ಹೋದೆ. ಸುಬ್ಬಯ್ಯನ್ ತೆಳ್ಳಗೆ, ವಿಭೂತಿ ಹಚ್ಚಿಕೊಂಡು, ಎದುರಿಗಿದ್ದವರನ್ನು ಸೊಸೆಯಂತೆ ನೋಡುವ ಮನುಷ್ಯ. ನನ್ನ ಪತ್ರ ಓದಿ ಇಡೀ ಆಫೀಸೇ ನಕ್ಕಿತ್ತಂತೆ. ಅದನ್ನು ನನಗೇ ಹೇಳಿದ.

"ನೋಡಮ್ಮ, ಪಟ್ಟಿಯಲ್ಲಿ ಇಲ್ಲದ ಸಾಮಾನು ಕಳುವಾಗೋದಿಲ್ಲ."

"ಕಳ್ಳನ ಹೆಸರೂ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಅವನು ಹೇಗೆ ಬಂದ?"

"ಟೀ ಕುಡೀತೀಯಾ?"

"ಪಟ್ಟಿಯಲ್ಲಿದೆಯಾ?"

ಹಿಂದಿನ ಮೇಜಿನವನು ಫೈಲಿನ ಮರೆಯಲ್ಲಿ ಕೆಮ್ಮಿದ.

"ಸರಿ, ಪೆಟ್ಟಿಗೆ ಬಿಡಿ. ಕಾರ್ಬುರೇಟರ್ ಎಂಜಿನ್ನಿನ ಭಾಗ, ಬಿಡಿ ಸಾಮಾನಲ್ಲ. ಅದಕ್ಕೇನು ಹೇಳ್ತೀರಿ?"

"ನಮ್ಮ ಗೋಡೌನಿನಲ್ಲಿ ಹನ್ನೊಂದು ದಿನ ಇತ್ತು. ಬಾನೆಟ್ ಯಾರೂ ಎತ್ತಿ ನೋಡಿಲ್ಲ. ಹೇಗೆ ಬಂತೋ ಹಾಗೇ ಹತ್ತಿಸಿದ್ವಿ."

"ಲಾರಿಯವನನ್ನ ಕೇಳಿದ್ರಾ?"

"ಕೇಳೋಕೆ ಅವನೆಲ್ಲಿದ್ದಾನೆ? ನೀನು ಹೆಸರು ಬರೆದು ಗೆರೆ ಎಳೆದೆ ನೋಡು, ಮಾರನೇ ದಿನವೇ ಅವನನ್ನ ಕೆಲಸದಿಂದ ನಿಲ್ಲಿಸಿದ್ವಿ. ಪಲ್ಲಡಂ ಕಡೆ ಎಲ್ಲೋ ಕೋಳಿ ಫಾರ್ಮಲ್ಲಿ ಮೂಟೆ ಹೊರ್ತಾನಂತೆ."

ನಿಲ್ಲಿಸಿ ಎಂದು ನಾನು ಬರೆದಿರಲಿಲ್ಲ. ವಿಚಾರಿಸಿ ಎಂದು ಬರೆದಿದ್ದೆ. ಬಸ್ಸಿನಲ್ಲಿ ಬರುವಾಗ ನಮ್ಮ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಇಳಿದೆ. ಸಿಟ್ಟಿಗೆ. ಬೇರೆ ಏನೂ ಅಲ್ಲ.

14 ಡಿಸೆಂಬರ್, ಭಾನುವಾರ

ಮಾವ ಈಗ ಅಪ್ಪನ ಮಗ್ಗದ ಮನೆಯಲ್ಲಿ ಕೂರುತ್ತಾರೆ. ಪವರ್ ಲೂಮಿಗೆ ಎಣ್ಣೆ ಹಾಕುವುದು, ಬೆಲ್ಟು ಎಳೆದು ಕಟ್ಟುವುದು. ಎಂಜಿನ್ನಿನ ಸದ್ದು ಕೇಳಿ ಯಾವ ನಟ್ಟು ಸಡಿಲ ಎಂದು ಹೇಳುತ್ತಿದ್ದ ಮನುಷ್ಯ. ನೂಲು ಕೊಡಲು ಬಂದವನೊಬ್ಬ, "ಏನು ದೊರೈಸಾಮಿ, ಫಾರಿನ್ ಸಾಮಾನೆಲ್ಲ ಒಳ್ಳೆ ರೇಟಿಗೆ ಹೋಯ್ತಾ?" ಎಂದು ಹಲ್ಲು ಕಿರಿದ. ಮಾವ ಬೆಲ್ಟು ಎಳೆಯುತ್ತಲೇ ಇದ್ದರು. ನಾನು ಅವನ ನೂಲಿನ ಕಟ್ಟನ್ನು ಎತ್ತಿ ಬೀದಿಗೆ ಎಸೆದೆ. ಅಪ್ಪ ನನಗೆ ಬೈದರು. ಬೈಯಲಿ.

ಆಮೇಲೆ ಮಾವನನ್ನು ಕೇಳಿದೆ. "ಅವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪೆಟ್ಟಿಗೆ ಸಿಕ್ಬುಡ್ತಾ?"

"ನಿಮ್ಮ ಮೇಲೆ ಬರ್ತಿರ್ಲಿಲ್ಲ."

"ನನ್ ಮೇಲೆ ಬರೋದು ನಿನ್ ಮೇಲೆ ಬರ್ತಿತ್ತು. ಇರೋ ಕಡೇನೇ ಇರ್ಲಿ ಬುಡು ಅಮ್ಮಣಿ."

ಬರೆದೇಬಿಡುತ್ತೇನೆ. ಓದುವವರು ಯಾರೂ ಇಲ್ಲವಲ್ಲ.

ಅಕ್ಟೋಬರ್ 12, ಆಯುಧಪೂಜೆ. ಸ್ಪಾನರುಗಳಿಗೆಲ್ಲ ಗಂಧ ಕುಂಕುಮ ಇಟ್ಟು ಪೆಟ್ಟಿಗೆ ಮುಚ್ಚಿದರು. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಮತ್ತೊಮ್ಮೆ ಆರತಿ ಮಾಡುವವರೆಗೆ ಮುಟ್ಟಬಾರದು, ತೆರೆಯಬಾರದು. ನಮ್ಮಲ್ಲಿ ಯಾವತ್ತಿನ ಕಟ್ಟಳೆ ಅದು. ಆದರೆ ಸಾಗಣೆ ಪಟ್ಟಿ ಆ ಸಂಜೆಯೇ ಬೇಕು ಎಂದು ಏಜೆನ್ಸಿಯವರು ಕೂತಿದ್ದರು. ಮಾವ ಬಂದು ಹೇಳಿದರು: "ಅಮ್ಮಣಿ, ಪೆಟ್ಟಿಗೇನ ಬೆಳಿಗ್ಗೆ ಆರತಿ ಆದಮೇಲೆ ಡಿಕ್ಕಿಗೆ ಇಡ್ತೀನಿ. ಮಲೇಷ್ಯಾಕ್ಕೆ ನನ್ನ ಕರ್ಕೊಂಡು ಹೋಗಲ್ಲ ಅಂದ್ರು, ನನ್ ಕೈಯಾದ್ರೂ ಹೋಗ್ಬರ್ಲಿ. ಪಟ್ಟಿಗೆ ಸೇರ್ಸು."

ಅಷ್ಟರಲ್ಲಿ ಪಟ್ಟಿ ಟೈಪ್ ಆಗಿತ್ತು. ಕಾರ್ಬನ್ ಇಟ್ಟು ಆರು ಪ್ರತಿ. 'ಬಿಡಿ ಸಾಮಾನು: ಇಲ್ಲ' ಎಂದು. ತಿದ್ದಬೇಕೆಂದರೆ ಆರರಲ್ಲೂ ಅಳಿಸಿ ಕುಟ್ಟಬೇಕು, ಇಲ್ಲವೇ ಮೊದಲಿಂದ. ಪೆಟ್ಟಿಗೆ ತೆರೆಯುವಂತಿಲ್ಲ, ಒಳಗೆ ಎಷ್ಟಿದೆ ಎಂದು ಎಣಿಸುವಂತಿಲ್ಲ, ಏನೆಂದು ಬರೆಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. 'ಸ್ಪಾನರ್ ಪೆಟ್ಟಿಗೆ ಒಂದು' ಎಂದು ಬರೆದಿದ್ದರೆ ಸಾಕಾಗುತ್ತಿತ್ತು. ಸೋಮಸುಂದರಂ ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದ. ಒಂದೂ ತಪ್ಪಿಲ್ಲದ ಹಾಳೆಯನ್ನು ಅವನ ಕೈಗೆ ಕೊಡಬೇಕು ಎಂದು ಆಸೆ. ಕೊಟ್ಟೆ. "ಚೆನ್ನಾಗಿ ಟೈಪ್ ಮಾಡ್ತೀಯಮ್ಮ," ಎಂದ. ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ ನನಗೆ.

22 ಡಿಸೆಂಬರ್, ಸೋಮವಾರ

ಪಲ್ಲಡಂ ಬಸ್ಸು ಹಿಡಿದೆ. ಮೂರು ಕೋಳಿ ಫಾರ್ಮು ಸುತ್ತಿದ ಮೇಲೆ ನಾಲ್ಕನೆಯದರಲ್ಲಿ ವೆಲ್ಲಿಂಗಿರಿ ಸಿಕ್ಕರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಮೇವಿನ ಮೂಟೆ. ನಾನು ಯಾರೆಂದು ಹೇಳಿದೆ. ಮೂಟೆ ಇಳಿಸಿದರು, ಟವೆಲಿನಿಂದ ಮುಖ ಒರೆಸಿಕೊಂಡರು, ಒಳಗೆ ಹೋಗಿಬಿಟ್ಟರು. ಬಿಸಿಲಲ್ಲಿ ನಿಂತೆ. ಬಾಯಲ್ಲಿ ಹೇಳಿಕೊಳ್ಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ತಮಿಳು ಮಾತೆಲ್ಲ ಮರೆತುಹೋಗಿ, "ಇವಳಿಗೆ ಇದು ಬೇಕಿತ್ತು," ಎಂದು ನನ್ನಷ್ಟಕ್ಕೆ ಕನ್ನಡದಲ್ಲಿ ಬೈದುಕೊಂಡೆ.

ಅವರು ಬಾಗಿಲಿಗೆ ಬಂದರು. "ನಮ್ ಮಾತಾ ನಿಂದು?"

"ಹೌದು."

"ನಮ್ ಮಾತಲ್ಲೇ ನನ್ನ ಕಳ್ಳ ಅಂದ್ಯಾ?"

"ಇಂಗ್ಲಿಷಲ್ಲಿ."

"ಓ. ಅದಕ್ಕೇ ಅಷ್ಟು ಜಲ್ದಿ ನಂಬ್ಬುಟ್ರು."

ನಾನು ನಿಂತಲ್ಲೇ ಹೇಳಿದೆ. ನೋಡದೆ ಬರೆದೆ, ತಪ್ಪಾಯಿತು. ಪಟ್ಟಿ ಟೈಪ್ ಮಾಡಿದವಳೂ ನಾನೇ, ಪೆಟ್ಟಿಗೆ ಇದೆ ಎಂದು ಗೊತ್ತಿದ್ದೂ ಇಲ್ಲ ಎಂದು ಹಾಕಿದೆ. ಈಗ ಅದೇ ಪದದ ಮೇಲೆ ನಮ್ಮ ಮಾವನನ್ನು ಕಳ್ಳ ಮಾಡಿದ್ದಾರೆ. ನಾನು ನಿಮ್ಮನ್ನು ಮಾಡಿದ ಹಾಗೇ.

ಅವರು ಒಳಗಿಂದ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಗೋಣಿಬಟ್ಟೆ, ಗೋಣಿಬಟ್ಟೆಯೊಳಗೆ ಒಂದು ಸ್ಪಾನರು. ಹಿಡಿಯ ಮೇಲೆ ಮಾವ ಉಳಿಯಿಂದ ಒತ್ತುವ ಮೂರು ಚುಕ್ಕಿ. ಸಂದಿಯಲ್ಲಿ ಒಣಗಿದ ಕುಂಕುಮ.

"ಸಂಗಗಿರಿ ದಾಟ್ತಿದ್ದಂಗೆ ಕಾರು ಕಟ್ಟಿದ್ದ ಕೊಂಡಿ ಸಡಿಲ ಆಯ್ತು. ನನ್ ತಾವ ಆ ಸೈಜು ಇಲ್ಲ. ಡಿಕ್ಕಿ ತೆಗೆದೆ, ಪೆಟ್ಟಿಗೆ ತುಂಬ ಕುಂಕುಮದ ಸ್ಪಾನರು. ಸಾಮೀ ತಪ್ಪಾಯ್ತು ಅಂತ ಒಂದು ತಗಂಡೆ, ಬಿಗಿದೆ. ವಾಪಸ್ ಇಡೋದ ಮರ್ತು ನನ್ ಸೀಟಿನ ಕೆಳಗೇ ಬಿಟ್ಟೆ."

"ಆಮೇಲೆ ಯಾಕೆ ತಂದುಕೊಡ್ಲಿಲ್ಲ?"

"ತರೋಣ ಅನ್ನೋವಷ್ಟರಲ್ಲಿ ನಿನ್ ಲೆಟರ್ ಬಂತು. ಇದನ್ನ ಹಿಡ್ಕೊಂಡು ಬಂದಿದ್ರೆ ಏನಂತಿದ್ದೆ?"

"ಸಿಕ್ಕಿಬಿದ್ದ ಅಂತಿದ್ದೆ."

"ಮತ್ತೆ."

ಬಗ್ಗಿದ ಸ್ಪಾನರು ಒಂದಿತ್ತೇ ಎಂದು ಕೇಳಿದೆ. ಇತ್ತು, ಕೈ ಮುರಿದವನ ಹಾಗೆ ಬಗ್ಗಿದ್ದು, ಇದೇನು ಹೀಗಿದೆ ಎಂದು ನೋಡಿ ಅಲ್ಲೇ ಇಟ್ಟೆ ಎಂದರು. ಕಾರ್ಬುರೇಟರ್ ಇತ್ತೇ ಎಂದು ಕೇಳಿದಾಗ ನಕ್ಕರು. "ಅದಿಲ್ದೆ ಗಾಡಿ ಸ್ಟಾರ್ಟ್ ಆಗ್ತದಾ ಅಮ್ಮಣಿ? ಗೋಡೌನಲ್ಲಿ ನಾನೇ ಸ್ಟಾರ್ಟ್ ಮಾಡಿ, ಹಲಗೆ ಮೇಲೆ ಓಡಿಸಿ ಇಳಿಸಿದ್ದು. ಏನ್ ಸದ್ದು ಅದು, ಹುಲಿ ಹಂಗೆ. ಅಲ್ಲಿ ಇದ್ದೋರೆಲ್ಲ ಬಂದು ಸುತ್ತ ನಿಂತ್ರು." ಡಬ್ಬಿಯ ತಳದಿಂದ ಒಂದು ಚೀಟಿ ತೆಗೆದರು. ಗಾಡಿಯನ್ನು ಓಡಿಸಿ ಇಳಿಸಲಾಯಿತು ಎಂದು ಬರೆದು, ಗೋಡೌನಿನ ಮೊಹರು ಒತ್ತಿ, ಗುಮಾಸ್ತನ ಸಹಿ ಹಾಕಿದ ಚೀಟಿ.

ಅಲ್ಲಿ ಸುತ್ತ ನಿಂತು ಸದ್ದು ಕೇಳಿದವರಲ್ಲೇ ಯಾರೋ ಡಿಕ್ಕಿ ತೆಗೆದು, ಬಗ್ಗಿದ ಸ್ಪಾನರು ಕಂಡು, ಹನ್ನೊಂದು ದಿನದಲ್ಲಿ ನಿಧಾನವಾಗಿ ನೀಟಾಗಿ ಬಿಚ್ಚಿದ್ದಾರೆ. ಮಾವನ ಕೈಯಿಂದಲೇ ಮಾವನ ಗಾಡಿಯನ್ನು ಕದ್ದಿದ್ದಾರೆ. ಈ ಚೀಟಿಯ ಪ್ರತಿ ಸುಬ್ಬಯ್ಯನ್ ಫೈಲಿನಲ್ಲಿ ಇರಲೇಬೇಕು. ಕೇಳಿದವರಿಲ್ಲ, ತೋರಿಸಿದವರಿಲ್ಲ.

ಬಸ್ ಸ್ಟಾಪಿನವರೆಗೆ ವೆಲ್ಲಿಂಗಿರಿ ಅಣ್ಣ ಜೊತೆಗೆ ಬಂದರು. ಆರು ಮೊಟ್ಟೆ ಕಟ್ಟಿಕೊಟ್ಟರು. "ಇದನ್ನ ಪಟ್ಟಿಗೆ ಸೇರ್ಸು," ಎಂದರು.

29 ಡಿಸೆಂಬರ್, ಸೋಮವಾರ

ನೀಲಕ್ಕಡಲ್‌ಗೂ ಮಿಲ್ಲಿನ ಮನೆಗೂ ಪತ್ರ. ಈ ಸಲ ಒಂದೇ ಪುಟ. ಹೆಸರಿನ ಕೆಳಗೆ ಗೆರೆ ಎಳೆದಿಲ್ಲ. ಮೊದಲ ಸಾಲು: ಪೆಟ್ಟಿಗೆ ಹೋಗುತ್ತದೆ ಎಂದು ತಿಳಿದೂ ಪಟ್ಟಿಯಲ್ಲಿ ಇಲ್ಲ ಎಂದು ಟೈಪ್ ಮಾಡಿದವಳು ನಾನು, ವಿಜಯಕುಮಾರಿ. ಎರಡನೆಯದು: ವೆಲ್ಲಿಂಗಿರಿಯವರ ಮೇಲೆ ಹೊರಿಸಿದ್ದು ಸುಳ್ಳು, ಅವರನ್ನು ಕೆಲಸಕ್ಕೆ ಕರೆಯಿರಿ. ಆಮೇಲೆ ಸ್ಪಾನರು, ಆಮೇಲೆ ಚೀಟಿ, ಅದರ ಮೊಹರು, ದಿನಾಂಕ. ಬೈಗುಳ ಒಂದೂ ಇಲ್ಲ. ಇಷ್ಟು ಸಿಟ್ಟಿನಲ್ಲಿ ನಾನು ಯಾವತ್ತೂ ಬರೆದಿರಲಿಲ್ಲ.

ಆರು ಪ್ರತಿ ಬೇಕಿತ್ತು. ರೋಲರಿಗೆ ಹಿಂದಿನಿಂದ ಒತ್ತು ಕೊಡಲು ಒಂದು ದಪ್ಪ ಹಾಳೆ ಇಲ್ಲದಿದ್ದರೆ ಆರನೆಯದರಲ್ಲಿ ಅಕ್ಷರ ಮೂಡುವುದಿಲ್ಲ. ಮೇಜಿನ ಎದುರಿನ ಗೋಡೆಯಿಂದ ಆ ಹೆಲ್ಮೆಟ್ಟಿನ ಪಟ ಕಿತ್ತು ಮಡಿಸಿ ಇಟ್ಟೆ. ಚೆನ್ನಾಗಿ ಬಂತು.

ಮೂರನೇ ಸಾಲಿನಲ್ಲಿ ಒಂದು ತಪ್ಪಿತ್ತು. ಆರನ್ನೂ ಹರಿದು ಮೊದಲಿಂದ ಕುಟ್ಟಿದೆ.

"ಇವತ್ತು ಯಾರ್ ತಲೆ?" ಅಜ್ಜಿ ಕೇಳಿದರು.

"ನಂದೇ."

"ಹಂಗಾದ್ರೆ ಮೆಲ್ಲಕೆ ಕುಟ್ಟು."

12 ಜನವರಿ 1987, ಸೋಮವಾರ

ವೆಲ್ಲಿಂಗಿರಿ ಅಣ್ಣನನ್ನು ಲಾರಿಗೆ ವಾಪಸು ಹಾಕಿಕೊಂಡಿದ್ದಾರೆ. ಅಷ್ಟಾಯಿತು. ಏಜೆನ್ಸಿಯ ಉತ್ತರ: ವಿಷಯವನ್ನು ಗಮನಿಸಲಾಗಿದೆ, ಮುಕ್ತಾಯಗೊಳಿಸಲಾಗಿದೆ. ಯಾರು ಗಮನಿಸಿದರು, ಗಮನಿಸಿ ಏನು ಕಂಡರು, ಒಂದು ಮಾತಿಲ್ಲ.

ಮಧ್ಯಾಹ್ನ ಸೋಮಸುಂದರಂ ಮನೆಗೇ ಬಂದ. ಸ್ಪಾನರು ನೋಡಿದ, ಚೀಟಿ ಓದಿದ, ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

"ದೊರೈ, ಆದದ್ದಾಯ್ತು. ಮರೆತುಬಿಡೋಣ. ನಾಳೆಯಿಂದ ಬಾ."

ಮಾವ ಹೋಗುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ. ಆ ಶೆಡ್ಡು ಬಿಟ್ಟರೆ ಅವರಿಗೆ ಪ್ರಪಂಚವಿಲ್ಲ. ಮಾವ ಬೀಗದ ಕೈ ತೆಗೆದುಕೊಂಡು, ಒರೆಸಿ, ವಾಪಸು ಅಲ್ಲೇ ಇಟ್ಟರು.

"ನಾನು ಮಾಡದೇ ಇರೋದನ್ನ ನೀವು ಹೇಗೆ ಮರೀತೀರ ಸಾರ್?"

"ಈಗೇನು, ನಾನು ಕಾಲಿಗೆ ಬೀಳಬೇಕಾ?"

"ಬೇಡ. ಆ ಶೆಡ್ಡಲ್ಲಿ ನಾಲ್ಕು ಜನರ ಮುಂದೆ ಬೀಗದ ಕೈ ಕೇಳಿದ್ರಿ. ಬಾಯಲ್ಲಿ ಏನೂ ಹೇಳ್ಲಿಲ್ಲ. ಈಗ ಒಂದು ಸಾಲು ಬರ್ದು ಕೊಡಿ, ದೊರೈಸಾಮಿ ತೆಗೀಲಿಲ್ಲ ಅಂತ. ಅದನ್ನ ಶೆಡ್ಡಿನ ಬಾಗಿಲಿಗೆ ಅಂಟಿಸಿ ಒಳಗೆ ಬರ್ತೀನಿ."

ಅವನು ಗಡಿಯಾರ ನೋಡಿಕೊಂಡ. ಯೋಚಿಸಿ ಹೇಳುತ್ತೇನೆ ಎಂದ. ಟೀ ಲೋಟ ಅರ್ಧಕ್ಕೇ ಬಿಟ್ಟ. ಅಜ್ಜಿ ಆ ಅರ್ಧ ಟೀಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದರು.

19 ಜನವರಿ, ಸೋಮವಾರ

ಪೊಂಗಲ್ ಮುಗಿಯಿತು. ಸೋಮಸುಂದರಂನ ಯೋಚನೆ ಮುಗಿದಿಲ್ಲ.

ಇವತ್ತು ಎರಡು ಲಕೋಟೆ ಕಳಿಸಿದೆ. ಒಂದು ನೀಲಕ್ಕಡಲ್‌ಗೆ, ಒಂದು ಮಿಲ್ಲಿನ ಮನೆಗೆ. ಎರಡರಲ್ಲೂ ಒಂದೇ ಹಾಳೆ, ಹಾಳೆಯಲ್ಲಿ ಒಂದೇ ಸಾಲು: ದೊರೈಸಾಮಿ ತೆಗೆಯಲಿಲ್ಲ. ಕೆಳಗೆ ಸಹಿಗೆ ಜಾಗ ಖಾಲಿ ಬಿಟ್ಟಿದ್ದೇನೆ. ಉತ್ತರದ ಲಕೋಟೆಗೆ ಸ್ಟಾಂಪನ್ನೂ ನಾನೇ ಹಚ್ಚಿದ್ದೇನೆ. ಇನ್ನು ಪ್ರತಿ ಸೋಮವಾರವೂ ಕಳಿಸುತ್ತೇನೆ. ರಿಬ್ಬನ್ ಹೊಸದು, ಕಾರ್ಬನ್ ಹಾಳೆ ಇಡೀ ಕಟ್ಟು ತಂದಿದ್ದೇನೆ. ಮಾವ ಟೈಪ್‌ರೈಟರಿಗೆ ಎಣ್ಣೆ ಹಾಕಿಕೊಟ್ಟಿದ್ದಾರೆ. ಉಳಿದಿರುವ ಆ ಒಂದು ಸ್ಪಾನರಿನಿಂದಲೇ ಅದರ ಹಿಂದಿನ ನಟ್ಟನ್ನೂ ಬಿಗಿದರು.

ಪಟ್ಟಿಯಲ್ಲಿ ಸುಳ್ಳು ಹಾಕಿದವಳು ನಾನು. ಅದರ ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೇನೆ. ಗೋಡೌನಿನ ಮೊಹರು ಇಟ್ಟುಕೊಂಡವರೇ, ಬೀಗದ ಕೈಗೆ ಕೈ ಚಾಚಿದವರೇ, ನಿಮ್ಮ ತಪ್ಪಿನ ಕೆಳಗೆ ನಿಮ್ಮ ಹೆಸರು ಬರೆಯಲು ಇನ್ನು ಯಾವ ಪಟ್ಟಿ ಬೇಕು, ಹೇಳಿ?